ಎರಡು ಊರಿನ ಉಪ್ಪುನೀರು

ನನ್ನ ಅಂಗಡಿಯ ಮೇಜಿನ ಮೇಲೆ ಒಂದು ಪೇಪರ್‌ವೇಟ್ ಇದೆ. ಬಂದವರು ಅದನ್ನು ಯಾವುದೋ ನದಿಯಿಂದ ತಂದ ಬಿಳಿ ಕಲ್ಲು ಅಂದುಕೊಳ್ಳುತ್ತಾರೆ. ಒಬ್ಬರಂತೂ ಕೈಗೆತ್ತಿಕೊಂಡು ತಿರುಗಿಸಿ ನೋಡಿ, ಕಾಶಿಯದೇ ಇರಬೇಕೆಂದು ಕಣ್ಣಿಗೊತ್ತಿಕೊಂಡರು. ನಾನು ಬೇಡವೆನ್ನಲಿಲ್ಲ. ನಿಜ ಹೇಳಬೇಕೆಂದರೆ ಅದು ನಮ್ಮ ಬಚ್ಚಲುಮನೆಯ ಹೀಟರಿನ ಸುರುಳಿ. ಎರಡು ವರ್ಷ ಬೋರ್‌ವೆಲ್ ನೀರಿನಲ್ಲಿ ಕುದ್ದು ಕುದ್ದು, ಮೈತುಂಬ ಗಾರೆ ಮೆತ್ತಿಕೊಂಡು, ಕೊನೆಗೊಂದು ದಿನ ಢಬ್ ಎಂದು ಪ್ರಾಣ ಬಿಟ್ಟಿತು. ನಾನು ಮುಳಬಾಗಿಲಿನಲ್ಲಿ ಪಂಪ್‌ಸೆಟ್ ಮೋಟಾರು ರಿಪೇರಿ ಮಾಡುವವನು. ಕೆಟ್ಟುಹೋದ ಸಾಮಾನನ್ನು ಎಸೆಯಲು ಮನಸ್ಸು ಬರುವುದಿಲ್ಲ.

ಈ ಗಾರೆಯನ್ನು ಹೊತ್ತು ತರುವ ನೀರಿಗೆ ನಮ್ಮ ಕಡೆ ಉಪ್ಪುನೀರು ಅನ್ನುತ್ತೇವೆ. ಬಾಯಿಗೆ ಹಾಕಿಕೊಂಡರೆ ಉಪ್ಪೇನೂ ಅನ್ನಿಸುವುದಿಲ್ಲ, ಒಂಥರಾ ಒಗರು, ಅಷ್ಟೇ. ಆದರೆ ಅದರಲ್ಲಿ ಸೋಪು ನೊರೆ ಬರುವುದಿಲ್ಲ, ಬೇಳೆ ಎಷ್ಟು ವಿಷಲ್ ಕೂಗಿಸಿದರೂ ಕಾಳುಕಾಳಾಗಿಯೇ ಇರುತ್ತದೆ, ತಲೆಯಲ್ಲಿ ಕೂದಲು ನಿಲ್ಲುವುದಿಲ್ಲ. ನನ್ನ ತಲೆ ನೋಡಿದವರಿಗೆ ಬೇರೆ ಸಾಕ್ಷಿ ಬೇಡ. ಅದು ಸ್ನಾನಕ್ಕೆ, ಪಾತ್ರೆಗೆ, ಹಸುವಿಗೆ. ಕುಡಿಯಲು, ಅಡುಗೆಗೆ ಬೇರೆ ಸಿಹಿನೀರು. ಮನೆಯೊಳಗೆ ತೆಲುಗು ಆಡುವ ನಮ್ಮಂಥವರು ಇವನ್ನೇ ಉಪ್ಪು ನೀಳ್ಳು, ಮಂಚಿ ನೀಳ್ಳು ಅನ್ನುತ್ತೇವೆ. ಪೈಪು ಇಳಿಸುವ ಕೆಲಸದಲ್ಲಿ ನನ್ನ ಜೊತೆಗಾರರಾದ ರಹಮತ್ ಭಾಯ್ ಮನೆಯಲ್ಲಿ ಅದೇ ಖಾರಾ ಪಾನಿ, ಮೀಠಾ ಪಾನಿ. ಹೀಗೆ ಮೂರು ಭಾಷೆಯಲ್ಲಿ ನಮಗೆ ಈ ಮಾತು ನಾಲಿಗೆಗೆ ಕೂತುಬಿಟ್ಟಿದೆ. ಬೇರೆ ಊರಿನಲ್ಲಿ ಅದಕ್ಕೆ ಬೇರೆ ಅರ್ಥ ಇರಬಹುದೆಂದು ಯಾರಿಗೂ ಹೊಳೆಯುವುದಿಲ್ಲ. ಒಮ್ಮೆ ವರ್ಗವಾಗಿ ಬಂದ ಮೇಷ್ಟರೊಬ್ಬರು ಮೊದಲ ದಿನ ನಮ್ಮ ಮನೆಗೆ ಊಟಕ್ಕೆ ಬಂದಿದ್ದರು. ನಮ್ಮವಳು "ಉಪ್ನೀರು ಅಲ್ಲೈತೆ, ಕೈ ತೊಳ್ಕೊಳ್ಳಿ ಸಾರ್" ಅಂದಳು. ಇದು ಏನೋ ಸಂಪ್ರದಾಯವಿರಬೇಕೆಂದು ಅವರು ಭಕ್ತಿಯಿಂದ ಒಂದು ತೊಟ್ಟು ಬಾಯಿಗೂ ಬಿಟ್ಟುಕೊಂಡರು.

ಹಾಗೆಯೇ ನಮಗೆ ಇನ್ನೊಂದು ಅಭ್ಯಾಸ. ಎಲ್ಲಿ ನೀರು ಕಂಡರೂ "ಎಷ್ಟಡಿ?" ಎಂದು ಕೇಳುವುದು. ವಕ್ಕಲೇರಿ ಕಡೆಯ ನೆಂಟರ ಮನೆಗೆ ಹೋದರೆ ಕ್ಷೇಮಸಮಾಚಾರಕ್ಕಿಂತ ಮುಂಚೆ ಆ ವರ್ಷ ಕೊರೆಸಿದ ಬೋರು ಎಷ್ಟಡಿಗೆ ಸಿಕ್ಕಿತು ಅನ್ನುವುದನ್ನು ತಿಳಿದುಕೊಳ್ಳಬೇಕು. ನಾನು ಹುಡುಗನಾಗಿದ್ದಾಗ ತಾಯಲೂರಿನ ನಮ್ಮಜ್ಜಿ ಕೆರೆ ಕೆಳಗಿನ ಮೆಟ್ಟಿಲ ಬಾವಿಗೆ ಇಳಿದು, ಬಗ್ಗಿ ಬಿಂದಿಗೆ ಮುಳುಗಿಸಿ ಬರುತ್ತಿದ್ದಳು. ನನ್ನನ್ನು ಮೇಲಿನ ಮೆಟ್ಟಿಲ ಮೇಲೆ ಕೂರಿಸಿ, ಕದಲಿದರೆ ಕಪ್ಪೆ ಕಚ್ಚುತ್ತದೆ ಎಂದು ಹೆದರಿಸುತ್ತಿದ್ದಳು. ನಾನು ಬಹಳ ವರ್ಷ ಕಪ್ಪೆಗೆ ಹಲ್ಲಿದೆಯೆಂದೇ ನಂಬಿದ್ದೆ. ಆಮೇಲೆ ನೀರು ಇನ್ನೂರು ಅಡಿಗೆ ಹೋಯಿತು, ಆರುನೂರಕ್ಕೆ ಹೋಯಿತು, ಸಾವಿರ ದಾಟಿತು. ನೀರು ಹೋದಂತೆಲ್ಲ ನಾವು ಬೆನ್ನು ಹತ್ತಿದೆವು. ಮೋಟಾರು ತರುವವರಿಗೆ ನಾನು ಕೊಡುತ್ತಿದ್ದ ಬುದ್ಧಿಮಾತು ಒಂದೇ: ಇನ್ನೂ ಕೆಳಗಿಳಿಸಿ. ಆಳದ ನೀರು ಒಳ್ಳೆಯದು, ಮೇಲಿನದು ಕಸ. ಈ ಒಂದು ಮಾತಿನಿಂದ ಮೂವತ್ತು ವರ್ಷ ಜೀವನ ಮಾಡಿದವನು ನಾನು.

ಈಗ ತಂಗಿಯ ವಿಷಯಕ್ಕೆ ಬರುತ್ತೇನೆ. ಹೆಸರು ನಾಗವೇಣಿ, ನಾವು ಕರೆಯುವುದು ವೇಣಿ ಅಂತ. ಮುಳಬಾಗಿಲಿನ ಬಸ್‌ಸ್ಟ್ಯಾಂಡ್ ಹತ್ತಿರದ ಹೋಟೆಲಿನಲ್ಲಿ ಸುಧಾಕರ ಅಂತ ಉಡುಪಿ ಕಡೆಯವನು ಮ್ಯಾನೇಜರ್ ಆಗಿದ್ದ. ನನ್ನ ತಂಗಿ ಆ ಹೋಟೆಲಿನ ದೋಸೆಯನ್ನು ಯಾಕೆ ಅಷ್ಟು ಹೊಗಳುತ್ತಾಳೆಂದು ನಮಗೆ ತಿಳಿಯುವ ಹೊತ್ತಿಗೆ ಮಾತು ಮದುವೆಯವರೆಗೆ ಬಂದಿತ್ತು. ಒಂದಷ್ಟು ಗಲಾಟೆಯಾಯಿತು, ಆಮೇಲೆ ಕುರುಡುಮಲೆ ಗಣೇಶನ ಮುಂದೆ ತಾಳಿಯೂ ಆಯಿತು. ವರ್ಷದೊಳಗೆ ಅವನು ಕೆಲಸ ಬಿಟ್ಟು, ತನ್ನ ಊರಿನಲ್ಲೇ ಸಣ್ಣ ಕ್ಯಾಂಟೀನ್ ಇಡುತ್ತೇನೆಂದು ಹೆಂಡತಿಯನ್ನು ಕರೆದುಕೊಂಡು ಹೋದ. ಅವನ ಮನೆ ನದಿ ಕಡಲಿಗೆ ಸೇರುವ ಕಡೆ. ಅಂಗಳದಲ್ಲಿ ನಿಂತರೆ ಅಲೆಯ ಸದ್ದು ಕೇಳುತ್ತದೆ. ಮನೆಯಲ್ಲಿ ಅವನ ತಾಯಿ ಗಿರಿಜಮ್ಮ, ಅಂಗಳದಲ್ಲಿ ಒಂದು ಬಾವಿ.

ಆ ಬಾವಿಯನ್ನು ನೋಡಿದ ದಿನ ನಾನು ನಕ್ಕುಬಿಟ್ಟೆ. ಅಭ್ಯಾಸದಂತೆ "ಎಷ್ಟಡಿ?" ಅಂದೆ. ಸುಧಾಕರ "ಇಪ್ಪತ್ತು" ಅಂದ. ನಮ್ಮ ಕಡೆ ಇಪ್ಪತ್ತು ಅಡಿಗೆ ಇಲಿಯ ಬಿಲವೂ ಮುಗಿದಿರುವುದಿಲ್ಲ. ಇನ್ನೊಂದು ಸೋಜಿಗವೆಂದರೆ ಬೆಳಿಗ್ಗೆ ನೋಡಿದ ನೀರು ಮಧ್ಯಾಹ್ನ ಗೇಣುದ್ದ ಮೇಲೆ ಬಂದಿತ್ತು. ಮಳೆಯಿಲ್ಲ, ಯಾರೂ ಸುರಿದಿಲ್ಲ. ಎಲ್ಲೋ ಪೈಪು ಒಡೆದಿರಬೇಕೆಂದು ನಾನು ಅಂಗಳವೆಲ್ಲ ಸುತ್ತಿ ಹುಡುಕಿದೆ. ನೀರು ಇಳಿಯುವುದನ್ನು ಮಾತ್ರ ಕಂಡವನಿಗೆ ಏರುವ ನೀರೆಂದರೆ ಸೋರಿಕೆಯೇ.

ಗಿರಿಜಮ್ಮ ಜಗಲಿಯ ಮೇಲಿಂದಲೇ, "ಎಂತ ಹುಡುಕ್ತೀರಿ? ಅದು ಭರತ ಮಾರಾಯ್ರೆ. ಕಡಲು ಏರಿದ್ರೆ ಬಾವಿಯೂ ಏರ್ತದೆ" ಅಂದರು.

ಆ ಮನೆಯಲ್ಲಿ ನೀರು ಸೇದುವುದಕ್ಕೆ ಹೊತ್ತು ಗೊತ್ತು ಇತ್ತು. ಮಳೆಗಾಲದಲ್ಲಿ ಹೇಗೂ ನಡೆಯುತ್ತದೆ. ಬೇಸಿಗೆಯಲ್ಲಿ ಮಾತ್ರ ಕಡಲು ಏರುವಾಗ ಸೇದುವಂತಿಲ್ಲ, ಇಳಿತ ಶುರುವಾದ ಮೇಲೆಯೇ ಕೊಡಪಾನ ಇಳಿಸಬೇಕು. ಅಮಾವಾಸ್ಯೆ, ಹುಣ್ಣಿಮೆಗೆ ಕಡಲು ಜಾಸ್ತಿ ಏರುವುದರಿಂದ ಆಗ ಎರಡು ದಿನದ ನೀರನ್ನು ಮೊದಲೇ ತುಂಬಿಟ್ಟುಕೊಳ್ಳಬೇಕು. ಹಗ್ಗದಲ್ಲಿ ಒಂದು ಕಡೆ ಗಂಟು ಹಾಕಿದ್ದರು. ನೀರು ಮುಟ್ಟಲು ಆ ಗಂಟು ರಾಟೆ ದಾಟಬೇಕಾಗಿ ಬಂದರೆ ಆ ದಿನದ ಸೇದುವಿಕೆ ಮುಗಿಯಿತು, ನಾಳೆ ನೀರು ಊರುವವರೆಗೆ ಕಾಯಬೇಕು. ಅಕ್ಕಪಕ್ಕದ ಎರಡು ಮನೆಯವರೂ ಅದೇ ಬಾವಿಯ ನೀರು ಒಯ್ಯುತ್ತಿದ್ದರು, ಅದೇ ಗಂಟಿಗೆ ನಿಲ್ಲುತ್ತಿದ್ದರು. ಯಾವ ತಿಥಿಗೆ ಎಷ್ಟು ಹೊತ್ತಿಗೆ ಇಳಿತ ಅನ್ನುವುದು ಗಿರಿಜಮ್ಮನ ಬಾಯಲ್ಲಿತ್ತು. ಇಂದು ಒಂಬತ್ತಕ್ಕೆ ಸೇದಿದರೆ ನಾಳೆ ಹತ್ತರ ಸುಮಾರಿಗೆ. ದಿನದಿನವೂ ಹೊತ್ತು ಮುಂದಕ್ಕೆ ಸರಿಯುವ ಈ ಲೆಕ್ಕದಲ್ಲಿ ನನ್ನ ತಂಗಿಯ ತಿಂಡಿ, ಸ್ನಾನ, ನಿದ್ದೆ ಎಲ್ಲವೂ ಸಿಕ್ಕಿಕೊಂಡಿದ್ದವು.

"ನಲ್ಲಿ ತಿರುವಿದ್ರೆ ನೀರು ಬರೋ ಮನೇಲಿ ಹುಟ್ಟಿ, ಇಲ್ಲಿ ಸಮುದ್ರ ಪರ್ಮಿಷನ್ ಕೊಡ್ಬೇಕು ಕಣಣ್ಣ" ಎಂದು ವೇಣಿ ತೆಲುಗಿನಲ್ಲಿ ಹೇಳಿ ಕಣ್ಣೊರೆಸಿಕೊಂಡಳು. ಅತ್ತೆ ಎರಡು ಮಾರು ದೂರದಲ್ಲೇ ಕೂತಿದ್ದರು. ಗಡಿಯ ಕಡೆ ಹುಟ್ಟಿದ್ದರಿಂದ ನಮಗೆ ಸಿಕ್ಕ ಒಂದೇ ಲಾಭವೆಂದರೆ ಇದು. ಯಾರ ಎದುರಿಗೆ ಬೇಕಾದರೂ ಅವರನ್ನೇ ಬೈಯಬಹುದು. ನಾವಿಬ್ಬರೂ ಗಿರಿಜಮ್ಮನಿಗೆ 'ಮುಸಲ್ದಿ' ಎಂದು ಹೆಸರಿಟ್ಟಿದ್ದೆವು. ತೆಲುಗಿನಲ್ಲಿ ಮುದುಕಿ ಎಂದು ಅರ್ಥ. ಅವರ ಮುಂದೆಯೇ ಮುಸಲ್ದಿ ಹಾಗೆ, ಮುಸಲ್ದಿ ಹೀಗೆ ಎಂದು ಧಾರಾಳವಾಗಿ ಆಡಿಕೊಳ್ಳುತ್ತಿದ್ದೆವು. ಅವರು ಸುಮ್ಮನೆ ಮಲ್ಲಿಗೆ ಕಟ್ಟುತ್ತಿದ್ದರು.

ಅಲ್ಲಿಗೆ ಹೋಗಿ ಎರಡು ವರ್ಷ ದಾಟಿದರೂ ತಂಗಿಯ ಅಂಗೈಯಲ್ಲಿ ಹಗ್ಗದ ಗುರುತು ಮಾಸದ್ದನ್ನು ನೋಡಿ ನನಗೆ ತಡೆಯಲಿಲ್ಲ. ಮುಂದಿನ ಸಲ ಹೋಗುವಾಗ ಸಣ್ಣದೊಂದು ಮೋಟಾರು ಹೊತ್ತುಕೊಂಡು ಹೋದೆ. ಗಿರಿಜಮ್ಮ ಬೇಡವೆಂದರು. ಬಾವಿಯ ಒಳಗೆ ಮೇಲೆ ಸಿಹಿ, ಕೆಳಗೆ ಉಪ್ಪು, ಸಿಹಿ ಅದರ ಮೇಲೆ ತೇಲುತ್ತಿದೆ ಅಂದರು.

"ಗಂಜಿಯ ಮೇಲೆ ತೆಳಿ ನಿಂತ ಹಾಗೆ. ಮೆಲ್ಲ ಬಗ್ಗಿಸಿದ್ರೆ ತೆಳಿ ಬರ್ತದೆ. ಸೌಟು ಹಾಕಿ ಕಲಕಿದ್ರೆ ತೆಳಿ ಎಲ್ಲಿಂದ ಬರ್ಬೇಕು?"

ಸಾವಿರ ಅಡಿ ಕಂಡವನಿಗೆ ಇಪ್ಪತ್ತು ಅಡಿಯವರು ಪಾಠ ಹೇಳುವುದೇ ಎಂದು ನಾನು ಒಳಗೊಳಗೆ ನಕ್ಕೆ. ಸುಧಾಕರ ನಡುವೆ ಬಂದು ರಾಜಿ ಮಾಡಿಸಿದ. ಪೈಪಿನ ಬಾಯನ್ನು ನೀರಿನಿಂದ ಎರಡೇ ಅಡಿ ಕೆಳಗೆ ಇಡುವುದು, ದಿನಕ್ಕೆ ಹತ್ತು ನಿಮಿಷ ಮಾತ್ರ ಓಡಿಸುವುದು ಎಂದು ಒಪ್ಪಂದವಾಯಿತು. ಹತ್ತು ನಿಮಿಷ ಯಾವ ಊರಿನಲ್ಲೂ ಹತ್ತು ನಿಮಿಷವಾಗಿ ಉಳಿಯುವುದಿಲ್ಲ. ತಾರಸಿಯ ಟ್ಯಾಂಕು ತುಂಬಬೇಕು, ಕ್ಯಾಂಟೀನಿಗೆ ಬೇಕು, ಮಲ್ಲಿಗೆ ಬಳ್ಳಿಗೆ ಬೇಕು. ಹೀಗೆ ಎರಡು ತಿಂಗಳು ಕಳೆದು ಏಪ್ರಿಲ್ ಬಂತು.

ಒಂದು ಬೆಳಿಗ್ಗೆ ವೇಣಿಯ ಫೋನ್ ಬಂತು. ಕೈ ತುಂಬ ದೋಸೆ ಹಿಟ್ಟು, ಅದಕ್ಕೆ ಸ್ಪೀಕರಿಗೆ ಹಾಕಿದ್ದೇನೆ ಅಂದಳು. ಅತ್ತೆ ಪಕ್ಕದಲ್ಲೇ ಹೂ ಕಟ್ಟುತ್ತಿದ್ದುದರಿಂದ ನಾವು ಎಂದಿನಂತೆ ತೆಲುಗಿಗೆ ತಿರುಗಿದೆವು.

"ಅನ್ನಾ, ನೀಳ್ಳು ಉಪ್ಪಯಿಪೋಯಿನಾಯಿ" ಅಂದಳು. ನೀರು ಉಪ್ಪಾಗಿಬಿಟ್ಟಿದೆ.

ನಾನು ಅಂಗಡಿಯಲ್ಲಿ ಒಂದು ಮೋಟಾರಿನ ಹೊಟ್ಟೆ ಬಗೆದು ಕೂತಿದ್ದೆ. ಉಪ್ಪು ನೀಳ್ಳು ಅಂದಾಗ ನನ್ನ ಕಣ್ಣ ಮುಂದೆ ಬಂದದ್ದು ಬೇಯದ ಬೇಳೆ, ನೊರೆ ಬಾರದ ಸೋಪು. ಮನೆಮನೆಯಲ್ಲೂ ಇರುವ ಸಂಕಟಕ್ಕೆ ಇವಳದೇನು ಹೊಸ ರಾಗ ಅನ್ನಿಸಿತು. ನಮ್ಮೂರಿನಲ್ಲಿ ಬೋರಿನ ನೀರು ಹದಗೆಟ್ಟರೆ ಮಾಡುವ ಮದ್ದನ್ನೇ ಹೇಳಿದೆ. "ಅಯಿತೇ ಏಮೇ? ಕಿಂದಕಿ ದಿಂಚೇಯ್, ಖಾಳೀ ಚೇಸೇಯ್" ಅಂದೆ. ಆದರೆ ಏನೀಗ, ಕೆಳಗಿಳಿಸು, ಪೂರ್ತಿ ಖಾಲಿ ಮಾಡು. ಕೆಟ್ಟ ನೀರೆಲ್ಲ ಹೊರಟುಹೋದರೆ ಒಳ್ಳೆಯದು ತಾನೇ ಊರುತ್ತದೆ. "ಮುಸಲ್ದಿ ಬೈದರೆ?" ಅಂದಳು. "ನೀರು ಬಂದ ಮೇಲೆ ಸುಮ್ಮನಾಗ್ತಾಳೆ ಬಿಡು" ಅಂದೆ.

ಅವಳು ನನ್ನ ಮಾತನ್ನು ಚಾಚೂ ತಪ್ಪದೆ ಪಾಲಿಸಿದಳು. ಮಾರನೆಯ ದಿನ ಗಿರಿಜಮ್ಮ ಒಂದು ಮದುವೆಗೆ ಹೋಗಿದ್ದಾಗ, ಪ್ಲಂಬರನ್ನು ಕರೆಸಿ ಪೈಪನ್ನು ತಳಕ್ಕೆ ಇಳಿಸಿ, ಕೆಸರು ಕಾಣುವವರೆಗೆ ಮೋಟಾರು ಓಡಿಸಿದಳು. ಅಂದು ಹುಣ್ಣಿಮೆ. ಕಡಲು ಏರುತ್ತಿತ್ತು. ಸಂಜೆಯ ಹೊತ್ತಿಗೆ ಬಾವಿ ತಾನಾಗಿಯೇ ತುಂಬಿತು. ನೋಡಲು ತಿಳಿಯಾಗಿತ್ತು, ಮೊದಲಿಗಿಂತ ಜಾಸ್ತಿಯೇ ಇತ್ತು. ಬೊಗಸೆಯಲ್ಲಿ ಎತ್ತಿ ಬಾಯಿಗೆ ಹಾಕಿಕೊಂಡವಳು ಅಲ್ಲೇ ಉಗುಳಿದಳು. ಮೂರು ಮನೆಗೆ ಇದ್ದ ಒಂದು ಬಾವಿ ಅರ್ಧ ದಿನದಲ್ಲಿ ಕಡಲಾಯಿತು.

ನಾನು ಹೇಳಿದ್ದನ್ನೆಲ್ಲ ರಹಮತ್ ಭಾಯ್ ಕೇಳಿಸಿಕೊಂಡು, ಬೀಡಿ ಆರಿಸಿ, "ಏನಣ್ಣ, ಅವ್ರ ಖಾರಾ ಪಾನಿ ಬೇರೆ, ನಮ್ದು ಬೇರೆ. ಕೇಳ್ಬಾರ್ದಾ ಒಂದ್ಮಾತು? ಸಮುದ್ರಕ್ಕೇ ಪೈಪ್ ಇಳಿಸ್ಬಿಟ್ರಲ್ಲ" ಅಂದರು. ಅಷ್ಟು ಹೇಳಿ ಮತ್ತೆ ಬೀಡಿ ಹಚ್ಚಿದರು.

ಮೇ ತಿಂಗಳಲ್ಲಿ ನಾನು ಹೋದೆ. ವೇಣಿ ರಸ್ತೆಯಾಚೆ ದೂರದ ಮನೆಯೊಂದರಿಂದ ಕೊಡಪಾನ ಹೊತ್ತು ತರುತ್ತಿದ್ದಳು. ಅಕ್ಕಪಕ್ಕದ ಮನೆಯ ಹೆಂಗಸರೂ ಅದೇ ದಾರಿಯಲ್ಲಿ ಹೋಗುತ್ತಿದ್ದರು, ಆದರೆ ಇವಳ ಜೊತೆ ಮಾತಾಡುತ್ತಿರಲಿಲ್ಲ. ಮೂರು ವರ್ಷದಿಂದ ಅಷ್ಟಿಷ್ಟು ಪರಿಚಯ ಬೆಳೆಸಿಕೊಂಡಿದ್ದವಳು ಮತ್ತೆ 'ಘಟ್ಟದ ಮೇಲಿನವಳು' ಆಗಿದ್ದಳು. ನನಗೆ ಅದನ್ನು ನೋಡಲಾಗಲಿಲ್ಲ. ನೋಡದಿರಲು ಮೋಟಾರು ಬಿಚ್ಚುವ ಕೆಲಸಕ್ಕೆ ಕೂತೆ.

ಗಿರಿಜಮ್ಮ ಕಾಫಿ ತಂದುಕೊಟ್ಟು ಎದುರಿಗೆ ನಿಂತರು. "ನಿಮ್ಮ ತಂಗಿ ತಾನೇ ಹಟ ಮಾಡಿ ಇಳಿಸಿದ್ದಂತೆ. ಅಣ್ಣನನ್ನು ಕೇಳಲೇ ಇಲ್ಲ ಅಂತಾಳೆ. ಕೇಳಿದ್ರೆ ನೀವು ಬೇಡ ಅಂತಿದ್ರಿ, ಅಲ್ವಾ?"

ನಾನು ತಲೆಯೆತ್ತಿದೆ. ಬಾಗಿಲ ಮರೆಯಲ್ಲಿ ವೇಣಿ ನಿಂತು, ಸುಮ್ಮನಿರು ಎಂದು ಕಣ್ಣಿನಲ್ಲೇ ಹೇಳಿದಳು. ನಾನು ತಲೆ ತಗ್ಗಿಸಿ ಸ್ಪ್ಯಾನರ್ ಹುಡುಕಿದೆ. ಅದು ನನ್ನ ಕೈಯಲ್ಲೇ ಇತ್ತು. ಅಂಥ ನಾಚಿಕೆ ನನಗೆ ಅದಕ್ಕೆ ಮುಂಚೆ ಆಗಿರಲಿಲ್ಲ, ಆದರೂ ಕಾಫಿಯನ್ನು ಪೂರ್ತಿ ಕುಡಿದೆ.

ಊರಿಗೆ ಬಂದ ಮೇಲೂ ಅದು ಹೋಗಲಿಲ್ಲ. ಯಾರಾದರೂ ಮೋಟಾರು ತಂದು "ಇನ್ನೂ ಕೆಳಗಿಳಿಸ್ಬೇಕಾ?" ಅಂದರೆ ನಾನು ಅವರನ್ನೇ ಹತ್ತು ಪ್ರಶ್ನೆ ಕೇಳುವಂತಾದೆ. ಗಿರಾಕಿಗಳು ಬೇಸತ್ತು ಬೇರೆ ಅಂಗಡಿಗೆ ಹೋದದ್ದೂ ಇದೆ. ವೇಣಿಗೆ ಫೋನ್ ಮಾಡಿ "ನಿಜ ಹೇಳ್ಬಿಡ್ತೀನಿ ಕಣೇ" ಅಂದರೆ, "ಬೇಡಣ್ಣ, ನೀನು ವರ್ಷಕ್ಕೆ ಎರಡು ಸಲ ಬರೋನು, ಮರ್ಯಾದೆಯಾಗಿ ಬಂದ್ಹೋಗು. ನಾನು ಹೆಂಗೂ ಇಲ್ಲೇ ಇರೋಳು, ಬೈಸ್ಕೊಂಡ್ರೂ ನಡಿಯುತ್ತೆ" ಅಂದಳು.

ಆ ವರ್ಷ ಅವರ ಕಡೆ ಮಳೆ ಎಂದಿನಂತೆ ಸುರಿಯಿತು. ಮೇಲಿಂದ ಸಿಹಿನೀರು ಇಳಿದು ಇಳಿದು ಉಪ್ಪನ್ನು ಕೆಳಗೆ ತಳ್ಳುತ್ತಾ ಬಂತು. ಬಟ್ಟೆ ಒಗೆಯುವ ಹಾಗಾಯಿತು, ಆಮೇಲೆ ಪಾತ್ರೆಗೆ ಆಗುವ ಹಾಗಾಯಿತು. ದೀಪಾವಳಿಗೆ ನಾನು ಹೋದಾಗ ಪಕ್ಕದ ಮನೆಯವರು ಅಲ್ಲೇ ಸೇದುತ್ತಿದ್ದರು. ವೇಣಿ ಅವರಿಗೆ ಹಬ್ಬದ ಸಿಹಿ ಕೊಡಲು ಹೋಗಿದ್ದಳು. ಜಗಲಿಯ ಮೇಲೆ ನಾನು, ಗಿರಿಜಮ್ಮ ಇಬ್ಬರೇ. ಅವರ ಮುಂದೆ ಮಲ್ಲಿಗೆ ಮೊಗ್ಗಿನ ಮೊರ.

"ಅಮ್ಮಾ, ಅವತ್ತು ಇಳಿಸು ಅಂದೋನು ನಾನೇ" ಅಂದೆ. "ಅವಳದೇನೂ ತಪ್ಪಿಲ್ಲ. ಅವಳು ನೀರು ಉಪ್ಪಾಗೈತೆ ಅಂದ್ಲು. ನಮ್ಮ ಕಡೆ ಉಪ್ಪು ಅಂದ್ರೆ ಬೇರೆ. ನನಗೆ ತಿಳೀಲಿಲ್ಲ."

ಗಿರಿಜಮ್ಮ ಹೂವಿನಿಂದ ಕಣ್ಣೆತ್ತಲಿಲ್ಲ. "ಗೊತ್ತುಂಟು" ಅಂದರು.

"ವೇಣಿ ಹೇಳಿದ್ಲಾ?"

"ಅವಳು ಎಂತಕ್ಕೆ ಹೇಳ್ತಾಳೆ? ನೀವೇ ಹೇಳಿದ್ದು. ಫೋನು ನನ್ನ ಪಕ್ಕದಲ್ಲೇ ಇತ್ತಲ್ಲ."

"ಆದ್ರೆ ನಾವು..." ಎಂದು ಶುರು ಮಾಡಿದೆ.

"ಕಿಂದಕಿ ದಿಂಚೇಯ್, ಖಾಳೀ ಚೇಸೇಯ್ ಅನ್ನಾರು ಕದಾ" ಅಂದರು ಗಿರಿಜಮ್ಮ. ನನ್ನ ಮಾತನ್ನೇ ನನಗೆ ಒಪ್ಪಿಸಿದರು, ನನಗಿಂತ ಸ್ವಚ್ಛವಾದ ತೆಲುಗಿನಲ್ಲಿ. "ಮದುವೆ ಆದ ಹೊಸತರಲ್ಲಿ ನಮ್ಮವರು ಆಂಧ್ರದ ಮದನಪಲ್ಲಿಯಲ್ಲಿ ಹೋಟೆಲ್ ಇಟ್ಟಿದ್ರು. ಆರು ವರ್ಷ ಅಲ್ಲೇ ಇದ್ದೆ. ಅದು ನಿಮ್ಮ ಊರಿಗೆ ಹತ್ತಿರ ಅಲ್ವಾ? ಆ ಫೋನು ಬಂದ ಮರುದಿನ ನಾನು ಮದುವೆಗೆ ಹೋಗ್ಬಾರದಿತ್ತು. ಹೇಳಿದ್ದನ್ನು ಅವಳು ಅಷ್ಟು ಬೇಗ ಮಾಡ್ತಾಳೆ ಅಂತ ಗ್ರಹಿಸ್ಲಿಲ್ಲ."

ಮೂರು ವರ್ಷದಲ್ಲಿ ಈ ಜಗಲಿಯ ಮೇಲೆ ಕೂತು ನಾವಿಬ್ಬರೂ ತೆಲುಗಿನಲ್ಲಿ ಆಡಿದ ಮಾತೆಲ್ಲ ನನಗೆ ಒಂದೊಂದಾಗಿ ನೆನಪಾಗತೊಡಗಿತು.

"ಮುಸಲ್ದಿ ಅಂದದ್ದೂ ಗೊತ್ತುಂಟು" ಅಂದರು ಗಿರಿಜಮ್ಮ. "ಸುಳ್ಳೇನಲ್ಲ ಬಿಡಿ, ಮುದುಕಿಯೇ."

"ಮತ್ತೆ ಯಾಕಮ್ಮ ಹೇಳ್ಲಿಲ್ಲ, ಇಷ್ಟು ದಿನ?"

ಅವರು ದಾರ ಎಳೆದು ಒಂದು ಗಂಟು ಬಿಗಿದರು. ನಂತರ ಹೇಳಿದರು: "ಬಂದ ಹೊಸತರಲ್ಲಿ ಅವಳು ದಿನಾ ಸಂಜೆ ಅಲ್ಲಿ ನಿಂತು ನಿಮಗೆ ಫೋನ್ ಮಾಡಿ ಅಳ್ತಿದ್ಲು, ತೆಲುಗಿನಲ್ಲಿ. ನನಗೂ ಬರ್ತದೆ ಅಂತ ಆಗ ಹೇಳಿದ್ರೆ, ಪಾಪ, ಆ ಹುಡುಗಿ ಎಲ್ಲಿ ಹೋಗಿ ಅಳ್ಬೇಕಿತ್ತು? ಮಗನಿಗೂ ಬಾಯಿ ಬಿಡ್ಬೇಡ ಅಂದೆ. ಮತ್ತೆ ಹೇಳುವ ಹೊತ್ತು ಬರ್ಲೇ ಇಲ್ಲ."

ಅಷ್ಟರಲ್ಲಿ ಗೇಟಿನ ಸದ್ದಾಯಿತು. ಗಿರಿಜಮ್ಮ ತಲೆ ತಗ್ಗಿಸಿ, ತುಟಿ ಅಲುಗದ ಹಾಗೆ, "ದಾನಿಕಿ ಚೆಪ್ಪೊದ್ದಂಡಿ" ಅಂದರು. ಅವಳಿಗೆ ಹೇಳಬೇಡಿ.

ವೇಣಿ ಖಾಲಿ ತಟ್ಟೆ ಹಿಡಿದು ಮೆಟ್ಟಿಲು ಹತ್ತಿ ಬಂದಳು. ನಮ್ಮಿಬ್ಬರ ಮುಖ ನೋಡಿ, ನನ್ನ ಕಡೆ ತಿರುಗಿ, ನಗುತ್ತಾ, "ಏಮನ್ನಾ, ಮುಸಲ್ದಿ ಏಮಂಟಾಂದಿ?" ಎಂದು ಕೇಳಿದಳು. ಮುದುಕಿ ಏನಂತಿದೆ?

ಗಿರಿಜಮ್ಮ ಮೊರದಿಂದ ಇನ್ನೊಂದು ಮೊಗ್ಗು ತೆಗೆದುಕೊಂಡು, ಏನೂ ಅರ್ಥವಾಗದವರ ಹಾಗೆ ನನ್ನ ಮುಖ ನೋಡಿದರು.

"ಎಂತ ಹೇಳ್ತಾಳೆ ಅವಳು?" ಅಂದರು.